ಮುಚ್ಚುವ ಮೊದಲು ನೋಡಿ: ಮನೆ ಕಟ್ಟುವಾಗ ಯಾವ ಹಂತದಲ್ಲಿ, ಯಾರಿಂದ ತಪಾಸಣೆ?

ಪ್ರಶ್ನೆ: ಹೊಸ ಮನೆಯ ಕೆಲಸವನ್ನು ಸಾಮಗ್ರಿಯೂ ಸೇರಿದಂತೆ ಒಬ್ಬ ಗುತ್ತಿಗೆದಾರರಿಗೆ ವಹಿಸಿದ್ದೇವೆ. ಮುಂದಿನ ವಾರ ಪಾಯ ತೋಡುವ ಕೆಲಸ ಆರಂಭವಾಗಲಿದೆ. ಕೆಲಸ ನಡೆಯುತ್ತಿರುವಾಗಲೇ ಬೇರೊಬ್ಬ ಎಂಜಿನಿಯರರಿಂದ ತಪಾಸಣೆ ಮಾಡಿಸಬೇಕೆಂಬುದು ನಮ್ಮ ಆಲೋಚನೆ. ಇದನ್ನು ಹೇಳಿದಾಗ ಗುತ್ತಿಗೆದಾರರು, "ಅನುಮತಿ ಕೊಟ್ಟ ಕಚೇರಿಯವರು ಬಂದು ನೋಡುತ್ತಾರೆ, ನಮ್ಮ ಎಂಜಿನಿಯರ್ ದಿನವೂ ಸೈಟಿನಲ್ಲಿರುತ್ತಾರೆ, ಮೂರನೆಯವರು ಯಾಕೆ? ಬೇಕಿದ್ದರೆ ಕೀಲಿಕೈ ಕೊಡುವ ಮುನ್ನ ಒಮ್ಮೆ ಯಾರಿಗಾದರೂ ತೋರಿಸಿ" ಎಂದರು. ಅವರ ಮನಸ್ಸು ನೋಯಿಸುವುದು ನಮಗೂ ಇಷ್ಟವಿಲ್ಲ. ನಡುವಿನ ತಪಾಸಣೆ ನಿಜವಾಗಿಯೂ ಅಗತ್ಯವೇ? ಅಗತ್ಯವಾದರೆ ಯಾವ ಹಂತಗಳಲ್ಲಿ, ಯಾರಿಂದ, ಏನನ್ನು ನೋಡಿಸಬೇಕು?

ಉತ್ತರ: ಅಗತ್ಯವಿದೆ. ಹಣದ ಕಾರಣದಿಂದ ಕೆಲವೇ ಭೇಟಿಗಳನ್ನು ಆರಿಸಿಕೊಳ್ಳಬೇಕಾಗಿ ಬಂದರೆ, ಗುತ್ತಿಗೆದಾರರು ಸೂಚಿಸಿದ ಕೊನೆಯ ಭೇಟಿಯನ್ನೇ ಮೊದಲು ಕೈಬಿಡಿ ಎನ್ನುತ್ತೇನೆ. ಮನೆಯ ಬಲ ಮತ್ತು ಬಾಳಿಕೆಯನ್ನು ನಿರ್ಧರಿಸುವ ಭಾಗಗಳೆಲ್ಲ ಒಂದೊಂದಾಗಿ ಕಣ್ಣಿಗೆ ಮರೆಯಾಗುತ್ತ ಹೋಗುತ್ತವೆ. ಪಾಯದ ತಳ ಕಾಂಕ್ರೀಟಿನ ಕೆಳಗೆ, ಕಂಬಿ ಕಾಂಕ್ರೀಟಿನ ಒಳಗೆ, ನೀರಿನ ಪೈಪು ಮತ್ತು ವೈರು ಗಾರೆಯ ಹಿಂದೆ, ಸ್ನಾನಗೃಹದ ಜಲನಿರೋಧಕ ಪದರ ಟೈಲ್ಸ್ ಅಡಿಯಲ್ಲಿ ಸೇರಿಹೋಗುತ್ತದೆ. ಬಣ್ಣ ಬಳಿದು ಮುಗಿದ ಮನೆಗೆ ಎಂಥ ಅನುಭವಿ ಎಂಜಿನಿಯರ್ ಬಂದರೂ ಅವರಿಗೆ ಕಾಣುವುದು ಬಾಗಿಲಿನ ಸಂದು, ಟೈಲ್ಸ್‌ನ ಟೊಳ್ಳು ಸದ್ದು, ತೊಟ್ಟಿಕ್ಕುವ ನಲ್ಲಿ ಮುಂತಾದವು ಮಾತ್ರ. ಕಂಬಿ ಕಟ್ಟಿದ ಸಂಜೆ ಬೆಳಕಿಗೆ ಬಂದ ತಪ್ಪನ್ನು ಇಬ್ಬರು ಕೆಲಸಗಾರರು ಒಂದೆರಡು ಗಂಟೆಯಲ್ಲಿ ಸರಿಪಡಿಸಿಬಿಡಬಹುದು. ಅದೇ ತಪ್ಪು ಕಾಂಕ್ರೀಟ್ ಗಟ್ಟಿಯಾದ ಮೇಲೆ ಗೊತ್ತಾದರೆ ಒಡೆಯುವ ಮಾತು ಬರುತ್ತದೆ, ಮತ್ತು ಒಡೆಯುವ ಮಾತು ಬಂದಾಗ ಬಹುತೇಕ ಮಾಲೀಕರು ಸುಮ್ಮನಾಗಿಬಿಡುತ್ತಾರೆ. ಹೀಗಾಗಿ ತಪಾಸಣೆಯ ದಿನಗಳನ್ನು ಕ್ಯಾಲೆಂಡರ್ ನೋಡಿ ತಿಂಗಳಿಗೊಮ್ಮೆ ಎಂದು ಇಟ್ಟುಕೊಳ್ಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಯಾವ ಕೆಲಸ ಯಾವಾಗ ಮುಚ್ಚಿಹೋಗುತ್ತದೆ ಎಂಬುದೇ ಭೇಟಿಯ ದಿನವನ್ನು ನಿರ್ಧರಿಸಬೇಕು.

ಗುತ್ತಿಗೆದಾರರು ಹೇಳಿದ ಇಬ್ಬರ ಪಾತ್ರವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಅನುಮತಿ ನೀಡಿದ ಕಚೇರಿಯ ಅಧಿಕಾರಿ ನೋಡುವುದು ಕಾನೂನಿನ ಪಾಲನೆಯನ್ನು: ಸುತ್ತ ಬಿಡಬೇಕಾದ ಜಾಗ ಬಿಟ್ಟಿದ್ದಾರೆಯೇ, ಎತ್ತರ ಮಿತಿಯೊಳಗಿದೆಯೇ, ಮಂಜೂರಾದ ನಕ್ಷೆಯಂತೆಯೇ ಕಟ್ಟಡ ಏಳುತ್ತಿದೆಯೇ, ಸುರಕ್ಷತೆಯ ಕನಿಷ್ಠ ನಿಯಮಗಳು ಪಾಲನೆಯಾಗಿವೆಯೇ ಎಂಬಿಷ್ಟನ್ನು. ಕೆಲವು ಕಡೆಗಳಲ್ಲಿ ಈ ಅಧಿಕಾರಿಗಳು ಪ್ರತಿ ಹಂತಕ್ಕೂ ಬಂದು ಕಂಬಿಯನ್ನೂ ವೈರಿಂಗನ್ನೂ ಪರೀಕ್ಷಿಸುತ್ತಾರೆ, ಇನ್ನು ಕೆಲವು ಕಡೆ ಭೇಟಿ ಹೆಸರಿಗಷ್ಟೇ ಇರುತ್ತದೆ. ಎರಡೂ ಸಂದರ್ಭಗಳಲ್ಲಿ ನಿಮ್ಮ ಕರಾರಿನಲ್ಲಿ ಬರೆದ ಗುಣಮಟ್ಟ ನಿಮಗೆ ಸಿಕ್ಕಿತೇ ಎಂದು ನೋಡುವುದು ಅವರ ಕರ್ತವ್ಯದ ವ್ಯಾಪ್ತಿಗೆ ಬರುವುದಿಲ್ಲ. ಇನ್ನು ಗುತ್ತಿಗೆದಾರರ ಎಂಜಿನಿಯರ್. ಅವರು ಸಮರ್ಥರೂ ಪ್ರಾಮಾಣಿಕರೂ ಆಗಿರಬಹುದು. ಆದರೆ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸುವ ಹೊಣೆಯೂ ಅವರದೇ, ಸಂಬಳ ಬರುವುದೂ ಅದೇ ಗುತ್ತಿಗೆದಾರರಿಂದ. ಮಿಕ್ಸರ್ ಬಂದು ನಿಂತಿರುವಾಗ "ಇವತ್ತು ಕಾಂಕ್ರೀಟ್ ಬೇಡ" ಎಂದು ಹೇಳುವ ಸ್ವಾತಂತ್ರ್ಯ ಅವರಿಗೆ ಎಷ್ಟಿದ್ದೀತು?

ಆದ್ದರಿಂದ ನಿಮ್ಮಿಂದಲೇ ಶುಲ್ಕ ಪಡೆಯುವ, ನಿಮಗೇ ವರದಿ ಕೊಡುವ ಒಬ್ಬರು ಬೇಕು. ಈ ಕೆಲಸಕ್ಕೆ ಮೊದಲ ಆಯ್ಕೆ ಮನೆಯ ಸ್ಟ್ರಕ್ಚರಲ್ ವಿನ್ಯಾಸ, ಅಂದರೆ ಭಾರ ಹೊರುವ ಭಾಗಗಳ ವಿನ್ಯಾಸ, ಮಾಡಿದ ಎಂಜಿನಿಯರರೇ, ಅವರು ಗುತ್ತಿಗೆದಾರರ ನೌಕರರಾಗಿರದಿದ್ದರೆ. ಯಾವ ಕಂಬಿಯನ್ನು ಎಲ್ಲಿ, ಯಾವ ಕಾರಣಕ್ಕೆ ಕೊಟ್ಟಿದ್ದೇನೆಂದು ಅವರಷ್ಟು ಚೆನ್ನಾಗಿ ಮತ್ತೊಬ್ಬರಿಗೆ ಗೊತ್ತಿರುವುದಿಲ್ಲ. ನಕ್ಷೆಗೆ ಕೊಟ್ಟ ಶುಲ್ಕದಲ್ಲಿ ಸೈಟಿನ ಭೇಟಿಗಳು ಸೇರಿವೆಯೇ ಎಂದು ಈಗಲೇ ಕೇಳಿ. ಸೇರಿರದಿದ್ದರೆ ಪ್ರತಿ ಭೇಟಿಗೆ ಇಷ್ಟೆಂದು ಪ್ರತ್ಯೇಕವಾಗಿ ಮಾತನಾಡಿಕೊಳ್ಳಿ. ಪೈಪು ಮತ್ತು ವಿದ್ಯುತ್ತಿನ ಭಾಗಕ್ಕೆ ಆ ವಿದ್ಯೆ ಬಲ್ಲ ಬೇರೊಬ್ಬರನ್ನು ಕರೆಯುವುದೇ ಒಳ್ಳೆಯದು. ಗುತ್ತಿಗೆದಾರರೇ ಶಿಫಾರಸು ಮಾಡಿದವರನ್ನು ಮತ್ತು ದೋಷ ಹುಡುಕಿ ಅದರ ದುರಸ್ತಿಯ ಕೆಲಸವನ್ನೂ ತಾವೇ ಮಾಡಿಕೊಡುತ್ತೇವೆನ್ನುವವರನ್ನು ದೂರವಿಡಿ.

ಮನಸ್ಸು ನೋಯುವ ವಿಚಾರ. ತಪಾಸಣೆಯನ್ನು ಬಾಯಿಮಾತಿನಲ್ಲಿ, ಅದೂ ಕೆಲಸದ ನಡುವೆ, ಏಕಾಏಕಿ ಪ್ರಸ್ತಾಪಿಸಿದರೆ ಯಾರಿಗಾದರೂ ಅನುಮಾನಿಸಿದಂತೆ ಅನ್ನಿಸುತ್ತದೆ. ಕರಾರಿನಲ್ಲೇ ಬರೆದಿದ್ದರೆ ಅದು ಕೆಲಸದ ಒಂದು ಅಂಗವಾಗುತ್ತದೆ. ನಿಮ್ಮ ಕರಾರು ಈಗಾಗಲೇ ಆಗಿದ್ದರೆ, ಪಾಯ ತೋಡುವ ಮೊದಲೇ ಇಬ್ಬರೂ ಸಹಿ ಮಾಡುವ ಒಂದು ಪೂರಕ ಪತ್ರ ಸಾಕು. ಯಾವ ಯಾವ ಹಂತಗಳಲ್ಲಿ ಲಿಖಿತ ಒಪ್ಪಿಗೆ ಸಿಗುವವರೆಗೆ ಕೆಲಸ ಮುಚ್ಚಬಾರದು, ಪ್ರತಿ ಹಂತ ಸಿದ್ಧವಾಗುವ ಎಷ್ಟು ಸಮಯ ಮೊದಲು ಗುತ್ತಿಗೆದಾರರು ತಿಳಿಸಬೇಕು, ತಿಳಿಸಿದ ಮೇಲೆ ಎಂಜಿನಿಯರ್ ಎಷ್ಟು ಹೊತ್ತಿನೊಳಗೆ ಬರಬೇಕು, ಒಪ್ಪಿಗೆ ಸಿಗದೆ ಮರುಭೇಟಿ ಬೇಕಾದರೆ ಅದರ ಶುಲ್ಕ ಯಾರದು, ಕಂತಿನ ಹಣ ಯಾವ ಒಪ್ಪಿಗೆಯ ನಂತರ ಬಿಡುಗಡೆಯಾಗುತ್ತದೆ, ಇಷ್ಟು ಅದರಲ್ಲಿರಲಿ. ಮೊದಲೇ ತಿಳಿಸುವ ಅವಧಿಗೆ 48 ಗಂಟೆ ನ್ಯಾಯವಾದದ್ದು. ಎಂಜಿನಿಯರ್ ಬರುವ ಗಡುವನ್ನೂ ಬರೆಯುವುದರಿಂದ ಗುತ್ತಿಗೆದಾರರಿಗೂ ನಿಶ್ಚಿಂತೆ, ಏಕೆಂದರೆ ತಪಾಸಣೆಯ ಹೆಸರಿನಲ್ಲಿ ಕೂಲಿಯವರನ್ನು ಖಾಲಿ ಕೂರಿಸಬೇಕಾಗುತ್ತದೆಂಬುದೇ ಅವರ ನಿಜವಾದ ಅಳುಕು. ಇನ್ನೊಂದು ಮಾತನ್ನು ನೀವು ಪಾಲಿಸಬೇಕು: ತಪಾಸಕರಾಗಲಿ ನೀವಾಗಲಿ ಮೇಸ್ತ್ರಿಗೆ, ಕಂಬಿ ಕಟ್ಟುವ ಬಾರ್ ಬೆಂಡರಿಗೆ ನೇರವಾಗಿ ಆದೇಶ ಕೊಡಬಾರದು. ಹೇಳಬೇಕಾದದ್ದೆಲ್ಲ ಗುತ್ತಿಗೆದಾರರ ಮೂಲಕವೇ ಹೋಗಲಿ; ಇಲ್ಲವಾದರೆ ಮುಂದೆ ಏನು ಕೆಟ್ಟರೂ "ನಿಮ್ಮವರೇ ಹೇಳಿದ್ದು" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಮೊದಲ ಭೇಟಿ ಪಾಯದ ಗುಂಡಿ ತೋಡಿ ಮುಗಿದ ದಿನ, ತಳಕ್ಕೆ ಬೆಡ್ ಕಾಂಕ್ರೀಟ್ ಬೀಳುವ ಮುನ್ನ. ಗುರುತು ಹಾಕಿದ್ದು ಸರಿಯೇ ಎಂಬುದನ್ನು ನೀವೇ ಟೇಪು ಹಿಡಿದು ನೋಡಬಹುದು: ಆಯತಾಕಾರದ ಕಟ್ಟಡದ ಎರಡೂ ಕರ್ಣಗಳು ಸಮನಾಗಿರಬೇಕು, ಮೂಲೆಯಲ್ಲಿ ಒಂದು ಬದಿಗೆ 3 ಮೀಟರ್, ಇನ್ನೊಂದು ಬದಿಗೆ 4 ಮೀಟರ್ ಅಳೆದರೆ ತುದಿಯಿಂದ ತುದಿಗೆ 5 ಮೀಟರ್ ಬರಬೇಕು. ಗಡಿಯಿಂದ ಬಿಡಬೇಕಾದ ಅಂತರವನ್ನೂ ಈಗಲೇ ಅಳೆಯಿರಿ. ಎಂಜಿನಿಯರ್ ನೋಡುವುದು ಮುಖ್ಯವಾಗಿ ಮಣ್ಣನ್ನು. ವಿನ್ಯಾಸದಲ್ಲಿ ಊಹಿಸಿದ ಗಟ್ಟಿ ನೆಲ ನಿಜವಾಗಿಯೂ ಆ ಆಳದಲ್ಲಿ ಸಿಕ್ಕಿದೆಯೇ, ಯಾವುದಾದರೂ ಗುಂಡಿಯ ತಳದಲ್ಲಿ ಹಿಂದೆ ಯಾರೋ ತುಂಬಿಸಿದ ಮಣ್ಣು, ಕಸ, ಹಳೆಯ ಬಾವಿಯ ಕುರುಹು ಇದೆಯೇ, ಒಂದು ಬದಿಯ ಗುಂಡಿಗಳಲ್ಲಿ ಬಂಡೆಯೂ ಇನ್ನೊಂದು ಬದಿಯಲ್ಲಿ ಜೇಡಿಯೂ ಬಂದಿದೆಯೇ ಎಂದು ಅವರು ಪರೀಕ್ಷಿಸಬೇಕು. ಮನೆ ಇಡಿಯಾಗಿ ಸಮನಾಗಿ ಸ್ವಲ್ಪ ಕುಸಿದರೆ ಅಂಥ ಹಾನಿಯಿಲ್ಲ; ಒಂದು ಕಂಬ ಇಳಿದು ಪಕ್ಕದ್ದು ಇಳಿಯದಿದ್ದಾಗ ಗೋಡೆಗಳಲ್ಲಿ ಓರೆ ಬಿರುಕು ಬರುತ್ತದೆ. ನೀರು ಹೀರಿ ಉಬ್ಬುವ, ಒಣಗಿ ಕುಗ್ಗುವ ಜೇಡಿಮಣ್ಣು ಅನಿರೀಕ್ಷಿತವಾಗಿ ಸಿಕ್ಕಿದರೆ ಕೆಲಸ ನಿಲ್ಲಿಸಿ ವಿನ್ಯಾಸವನ್ನೇ ಮತ್ತೊಮ್ಮೆ ನೋಡಬೇಕಾಗುತ್ತದೆ. ಗುಂಡಿಯಲ್ಲಿ ಮಳೆನೀರು ನಿಂತು ತಳ ಕೆಸರಾಗಿದ್ದರೆ ಆ ಪದರವನ್ನು ಕೆರೆದು ತೆಗೆಯಬೇಕು. ಲೆಕ್ಕಕ್ಕಿಂತ ಹೆಚ್ಚು ಆಳ ತೋಡಿಬಿಟ್ಟಿದ್ದರೆ, ತೆಗೆದ ಮಣ್ಣನ್ನೇ ಮತ್ತೆ ಸುರಿದು ಮಟ್ಟ ಮಾಡಲು ಬಿಡದೆ, ಆ ಭಾಗವನ್ನು ಬಡ ಮಿಶ್ರಣದ (ಸಿಮೆಂಟ್ ಕಡಿಮೆಯಿರುವ) ಕಾಂಕ್ರೀಟಿನಿಂದ ತುಂಬಿಸಬೇಕು.

ಪಾಯದಿಂದ ಮೇಲೆ ಬಂದು ಪ್ಲಿಂತ್, ಅಂದರೆ ಮನೆಯ ನೆಲದ ಮಟ್ಟದವರೆಗಿನ ಭಾಗ, ಮುಗಿದಾಗ ಎಲ್ಲರೂ ಉಪೇಕ್ಷಿಸುವ ಒಂದು ಕೆಲಸ ಬರುತ್ತದೆ: ಒಳಗೆ ಮಣ್ಣು ತುಂಬುವುದು. ಒಂದೇ ದಿನ ಲಾರಿಗಟ್ಟಲೆ ಮಣ್ಣು ಸುರಿದು, ಮೇಲೆ ನೀರು ಹಾಯಿಸಿ, ತಾನಾಗಿ ಕೂರುತ್ತದೆಂದು ನೆಲದ ಕಾಂಕ್ರೀಟ್ ಹಾಕಿಬಿಡುತ್ತಾರೆ. ಮಣ್ಣು ಕೂರುವುದು ನಿಜ, ಆದರೆ ಅದು ಕೂರುವ ಹೊತ್ತಿಗೆ ಮೇಲೆ ಟೈಲ್ಸ್ ಬಂದಿರುತ್ತದೆ. ಸುಮಾರು 150ರಿಂದ 200 ಮಿಲಿಮೀಟರ್ ದಪ್ಪದ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಮ್ಮಸ್ಸು ಮಾಡಿ ಮುಂದುವರಿಯಬೇಕು. ಇದಕ್ಕಾಗಿ ಎಂಜಿನಿಯರ್ ಇಡೀ ದಿನ ನಿಲ್ಲಬೇಕಾಗಿಲ್ಲ. ಪ್ರತಿ ಪದರ ಮುಗಿದಾಗ ಅಳತೆಪಟ್ಟಿ ಹಿಡಿದು ಫೋಟೊ ತೆಗೆದು ಕಳುಹಿಸಬೇಕೆಂಬ ಷರತ್ತು ಸಾಕು. ಗೆದ್ದಲು ನಿರೋಧಕ ದ್ರಾವಣ ಸಿಂಪಡಿಸುವುದೂ ನೆಲದಿಂದ ತೇವ ಏರದಂತೆ ತಡೆಯುವ ಪದರ ಹಾಕುವುದೂ ಈ ಹಂತದಲ್ಲೇ ಆಗಬೇಕಾದ ಕೆಲಸಗಳು.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಭೇಟಿ ತಾರಸಿಯ ಅಥವಾ ಯಾವುದೇ ಮಹಡಿಯ ಕಾಂಕ್ರೀಟಿನ ಹಿಂದಿನ ದಿನದ್ದು. ಹಿಂದಿನ ದಿನ ಎಂಬುದನ್ನು ಒತ್ತಿ ಹೇಳುತ್ತೇನೆ. ಕಾಂಕ್ರೀಟ್ ಹಾಕುವ ಬೆಳಗ್ಗೆ, ಕೂಲಿಯವರು ಸಾಲಾಗಿ ನಿಂತಿರುವಾಗ ನಡೆಯುವ ತಪಾಸಣೆಯಿಂದ ಏನೂ ಬದಲಾಗುವುದಿಲ್ಲ. ಕೈಯಲ್ಲಿ ಸ್ಟ್ರಕ್ಚರಲ್ ನಕ್ಷೆಯ ಇತ್ತೀಚಿನ ಪ್ರತಿ ಇರಬೇಕು. ಹಳೆಯ ಪ್ರತಿ ನೋಡಿಕೊಂಡು ಕಂಬಿ ಕಟ್ಟಿರುವುದು ಅಪರೂಪದ ಸಂಗತಿಯೇನಲ್ಲ. ಕಂಬಿಯ ದಪ್ಪ, ಸಂಖ್ಯೆ, ಅಂತರ, ಈ ಮೂರನ್ನೂ ಟೇಪಿನಿಂದ ಅಳೆದು ನಕ್ಷೆಯೊಂದಿಗೆ ತಾಳೆ ನೋಡುತ್ತಾರೆ. ಕಂಬಿಯ ದಪ್ಪದಲ್ಲಿ ಅನುಮಾನವಿದ್ದರೆ ಸುಲಭದ ಪರೀಕ್ಷೆಯೊಂದಿದೆ: ಮಿಲಿಮೀಟರಿನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. 12 ಮಿಲಿಮೀಟರಿನ ಕಂಬಿ ಮೀಟರಿಗೆ ಸುಮಾರು 0.89 ಕಿಲೋ ತೂಗಬೇಕು. ಗಮನಾರ್ಹವಾಗಿ ಕಡಿಮೆ ತೂಗಿದರೆ ನೀವು ಹಣ ಕೊಟ್ಟ ಕಂಬಿ ಅದಲ್ಲ.

ಕಂಬಿ ಎಷ್ಟಿದೆ ಎಂಬುದರಷ್ಟೇ ಮುಖ್ಯವಾದದ್ದು ಅದು ಎಲ್ಲಿದೆ ಎಂಬುದು. ಬಾಲ್ಕನಿಯನ್ನೇ ನೋಡಿ. ಎರಡೂ ತುದಿಗಳಲ್ಲಿ ಆಧಾರವಿರುವ ಸ್ಲ್ಯಾಬಿನ ನಡುಭಾಗದಲ್ಲಿ ಎಳೆತ ಕೆಳಗಿರುತ್ತದೆ, ಹಾಗಾಗಿ ಮುಖ್ಯ ಕಂಬಿ ಅಲ್ಲಿ ಕೆಳಗೆ. ಒಂದೇ ಬದಿಯಲ್ಲಿ ಹಿಡಿತವಿದ್ದು ಹೊರಚಾಚಿದ ಬಾಲ್ಕನಿಯಲ್ಲಾಗಲಿ ಸಜ್ಜೆಯಲ್ಲಾಗಲಿ ಎಳೆತ ಬರುವುದು ಮೇಲ್ಭಾಗದಲ್ಲಿ, ಹಾಗಾಗಿ ಮುಖ್ಯ ಕಂಬಿಯೂ ಮೇಲೆಯೇ ಇರಬೇಕು, ಮತ್ತು ಹಿಂದಿನ ಸ್ಲ್ಯಾಬಿನೊಳಕ್ಕೆ ಸಾಕಷ್ಟು ದೂರ ಹೋಗಿರಬೇಕು. ಕಟ್ಟುವಾಗ ಮೇಲೆಯೇ ಕಟ್ಟಿರುತ್ತಾರೆ. ಆಮೇಲೆ ಕಾಂಕ್ರೀಟಿನ ಬಾಣಲೆ ಹೊತ್ತವರು ಅದರ ಮೇಲೇ ಓಡಾಡಿ ತುಳಿದು ಕೆಳಗಿಳಿಸುತ್ತಾರೆ. 120 ಮಿಲಿಮೀಟರ್ ದಪ್ಪದ ಬಾಲ್ಕನಿಯಲ್ಲಿ ತಳದಿಂದ 95 ಮಿಲಿಮೀಟರ್ ಎತ್ತರದಲ್ಲಿರಬೇಕಾದ ಕಂಬಿ ತುಳಿತಕ್ಕೆ ಸಿಕ್ಕಿ 55 ಮಿಲಿಮೀಟರಿಗೆ ಇಳಿದರೆ, ಒಂದೇ ಒಂದು ಕಂಬಿಯನ್ನೂ ಕದಿಯದೆ ಅದರ ಹೊರುವ ಶಕ್ತಿ ಬಹುತೇಕ ಅರ್ಧಕ್ಕೆ ಇಳಿದಿರುತ್ತದೆ. ಇದನ್ನು ತಡೆಯಲು ಕಂಬಿಯನ್ನೇ ಬಗ್ಗಿಸಿ ಮಾಡಿದ ಚೇರುಗಳನ್ನು ಮೇಲಿನ ಜಾಲರಿಯ ಅಡಿಯಲ್ಲಿ ಒತ್ತೊತ್ತಾಗಿ ಇಟ್ಟಿರಬೇಕು, ನಡೆಯಲು ಪ್ರತ್ಯೇಕ ಹಲಗೆ ಹಾಸಿರಬೇಕು. ಈ ಎರಡೂ ಇಲ್ಲದೆ ಒಪ್ಪಿಗೆ ಕೊಡುವ ಎಂಜಿನಿಯರರನ್ನು ಬದಲಾಯಿಸುವುದೇ ಮೇಲು.

ಎರಡನೆಯದು ಕವರ್, ಅಂದರೆ ಕಂಬಿಯ ಹೊರಮೈಗೂ ಕಾಂಕ್ರೀಟಿನ ಹೊರಮೈಗೂ ನಡುವಿನ ದಪ್ಪ. ಹೊಸ ಕಾಂಕ್ರೀಟ್ ತೀವ್ರ ಕ್ಷಾರೀಯ. ಅದರ ಪಿಎಚ್ ಸಾಮಾನ್ಯವಾಗಿ 12ಕ್ಕಿಂತ ಹೆಚ್ಚಿದ್ದು, ಆ ವಾತಾವರಣದಲ್ಲಿ ಕಂಬಿಯ ಮೇಲೆ ತುಕ್ಕನ್ನು ತಡೆಯುವ ತೆಳುವಾದ ಪದರ ಉಂಟಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಳು ಕಳೆದಂತೆ ಹೊರಗಿನಿಂದ ಒಳಕ್ಕೆ ಇಳಿಯುತ್ತ ಈ ಕ್ಷಾರಗುಣವನ್ನು ಕುಂದಿಸುತ್ತದೆ. ಕುಂದಿದ ಭಾಗ ಕಂಬಿಯನ್ನು ಮುಟ್ಟಿದಾಗ ರಕ್ಷಣೆ ಹೋಗುತ್ತದೆ, ತೇವ ಸೇರಿದರೆ ತುಕ್ಕು ಆರಂಭವಾಗುತ್ತದೆ. ತುಕ್ಕು ಅದು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟ್ ಒಳಗಿನಿಂದಲೇ ಸೀಳಿ ಉದುರುತ್ತದೆ. ಈ ಇಡೀ ಪ್ರಕ್ರಿಯೆಯನ್ನು ದಶಕಗಳ ಕಾಲ ಮುಂದೂಡುವುದು ಆ ಕೆಲವು ಮಿಲಿಮೀಟರುಗಳೇ. ಒಳಾಂಗಣದ ಸ್ಲ್ಯಾಬಿಗೆ 20, ತೊಲೆಗೆ 25ರಿಂದ 30, ಕಂಬಕ್ಕೆ 40, ಪಾಯಕ್ಕೆ 50 ಅಥವಾ ಹೆಚ್ಚು ಮಿಲಿಮೀಟರ್ ಸಾಮಾನ್ಯವಾಗಿ ಕಾಣುವ ಅಂಕಿಗಳು. ಸಮುದ್ರದ ಗಾಳಿ ಬೀಸುವಲ್ಲಿ ಇನ್ನೂ ಹೆಚ್ಚು ಬೇಕು, ಮತ್ತು ಎಲ್ಲಿದ್ದರೂ ನಿಮ್ಮ ನಕ್ಷೆಯಲ್ಲಿ ಬರೆದದ್ದೇ ಅಂತಿಮ. ಜಲ್ಲಿಕಲ್ಲು, ಇಟ್ಟಿಗೆ ಚೂರು, ಮರದ ತುಂಡುಗಳನ್ನು ಕಂಬಿಯ ಕೆಳಗೆ ತುರುಕಿರುವುದು ಕಂಡರೆ ತೆಗೆಸಿ, ಸರಿಯಾದ ಅಳತೆಯ ಕವರ್ ಬ್ಲಾಕ್ (ಈ ಅಂತರ ಕಾಯುವ ಸಣ್ಣ ಬಿಲ್ಲೆ) ಇಡಿಸಬೇಕು.

ಇನ್ನುಳಿದಂತೆ, ಕಂಬದ ಮತ್ತು ತೊಲೆಯ ಉದ್ದ ಕಂಬಿಗಳನ್ನು ಸುತ್ತುವರಿದು ಕಟ್ಟುವ ರಿಂಗುಗಳ ತುದಿ 135 ಡಿಗ್ರಿಯಷ್ಟು ಒಳಕ್ಕೆ ಬಾಗಿದೆಯೇ, ಕಂಬ ಮತ್ತು ತೊಲೆ ಕೂಡುವ ಜಾಗದ ಬಳಿ ರಿಂಗುಗಳು ನಕ್ಷೆಯಂತೆ ಒತ್ತಾಗಿವೆಯೇ, ಕಂಬಿಗಳ ಜೋಡಣೆಗಳೆಲ್ಲ ಒಂದೇ ಸಾಲಿನಲ್ಲಿ ಬರದೆ ಹಿಂದುಮುಂದಾಗಿವೆಯೇ, ವಿದ್ಯುತ್ ಕೊಳವೆಗಳ ಕಟ್ಟು ಒಂದೇ ಕಡೆ ಗುಂಪಾಗಿ ಸ್ಲ್ಯಾಬನ್ನು ತೆಳುವಾಗಿಸಿಲ್ಲವೇ ಎಂದು ನೋಡಬೇಕು. ಆಮೇಲೆ ಸೆಂಟ್ರಿಂಗ್, ಅಂದರೆ ಕಾಂಕ್ರೀಟಿಗೆ ಕಟ್ಟಿದ ತಾತ್ಕಾಲಿಕ ಅಚ್ಚು, ಅದರ ಕೆಳಗೆ ಇಳಿದು ನೋಡಬೇಕು, ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಆಸರೆಯ ಕಂಬಗಳು ಲಂಬವಾಗಿ ನಿಂತಿರಬೇಕು, ಅವುಗಳ ಬುಡ ಸಡಿಲ ಮಣ್ಣಿನ ಮೇಲಿರದೆ ಹಲಗೆಯ ಮೇಲಿರಬೇಕು, ತಗಡುಗಳ ಸಂದಿನಲ್ಲಿ ಸಿಮೆಂಟಿನ ಹಾಲು ಸೋರಿಹೋಗದಂತೆ ಮುಚ್ಚಿರಬೇಕು.

ಕಾಂಕ್ರೀಟಿನ ದಿನ ನೀರೇ ಮುಖ್ಯ ವಿಷಯ. ಸಿಮೆಂಟಿಗೆ ಹೋಲಿಸಿದರೆ ನೀರಿನ ಪ್ರಮಾಣ ಹೆಚ್ಚಿದಂತೆ ಕಾಂಕ್ರೀಟಿನ ಬಲ ಕುಗ್ಗುತ್ತದೆಂಬುದನ್ನು ಅಮೆರಿಕದ ಸಂಶೋಧಕ ಡಫ್ ಏಬ್ರಮ್ಸ್ 1918ರಲ್ಲೇ ಪ್ರಯೋಗಗಳ ಮೂಲಕ ತೋರಿಸಿಕೊಟ್ಟಿದ್ದರೂ, ಹರಡಲು ಸುಲಭವಾಗಲೆಂದು ಪೈಪು ಹಿಡಿದು ನೀರು ಬಿಡುವ ಅಭ್ಯಾಸ ಇಂದಿಗೂ ನಿಂತಿಲ್ಲ. ಮೆದುತನ ಹೆಚ್ಚು ಬೇಕಿದ್ದರೆ ಅದಕ್ಕೆಂದೇ ಇರುವ ಮಿಶ್ರಕ ರಾಸಾಯನಿಕಗಳಿವೆ, ಅವನ್ನು ಮಿಶ್ರಣದ ವಿನ್ಯಾಸದಲ್ಲೇ ಸೇರಿಸಿಕೊಳ್ಳಬೇಕು. ತಪಾಸಕರು ಹಸಿ ಕಾಂಕ್ರೀಟಿನ ಮೆದುತನ ಅಳೆಯುವ ಸ್ಲಂಪ್ ಪರೀಕ್ಷೆ ಮಾಡಿಸಿ, ಪರೀಕ್ಷಾ ಘನಗಳನ್ನು ತುಂಬಿಸಬೇಕು. 150 ಮಿಲಿಮೀಟರಿನ ಈ ಘನಗಳನ್ನು 7ನೆಯ ದಿನ ಮತ್ತು 28ನೆಯ ದಿನ ಪ್ರಯೋಗಾಲಯದಲ್ಲಿ ಒತ್ತಿ ಒಡೆಯುತ್ತಾರೆ. ಸಾಧಾರಣ ಸಿಮೆಂಟಿನಲ್ಲಿ 28 ದಿನದ ಬಲದ ಸುಮಾರು ಮೂರನೇ ಎರಡರಷ್ಟು 7 ದಿನಕ್ಕೆ ಬಂದಿರುತ್ತದೆ. ಘನ ತುಂಬುವಾಗ ಕಣ್ಣೆದುರಿಗೇ ತುಂಬಿಸಿ, ದಿನಾಂಕ ಮತ್ತು ಜಾಗದ ಗುರುತು ಬರೆಸಿ. ಇಡೀ ತಾರಸಿಗೆ ಒಂದು ಮಿಶ್ರಣವೂ ಘನಗಳಿಗೆ ಸಿಮೆಂಟ್ ಹೆಚ್ಚಿಸಿದ ಇನ್ನೊಂದು ಮಿಶ್ರಣವೂ ಆದ ಪ್ರಸಂಗಗಳು ಈ ವೃತ್ತಿಯಲ್ಲಿರುವ ಯಾರಿಗೂ ಹೊಸದಲ್ಲ. ಕಾಂಕ್ರೀಟನ್ನು ಅದುರಿಸಿ ಗಾಳಿ ಹೊರಹಾಕುವ ವೈಬ್ರೇಟರ್ ಕೆಲಸ ಮಾಡುತ್ತಿದೆಯೇ, ಅದು ಕೆಟ್ಟರೆ ಇನ್ನೊಂದು ಸಿದ್ಧವಿದೆಯೇ ಎಂದೂ ಕೇಳಿ, ಏಕೆಂದರೆ ಕಾಂಕ್ರೀಟಿನಲ್ಲಿ ಉಳಿದ ಗಾಳಿಗುಳ್ಳೆಗಳು ಶೇ. 1ರಷ್ಟಿದ್ದರೂ ಬಲ ಸುಮಾರು ಶೇ. 5ರಷ್ಟು ಇಳಿಯುತ್ತದೆ.

ಕ್ಯೂರಿಂಗ್ ಅನ್ನು, ಅಂದರೆ ಹೊಸ ಕಾಂಕ್ರೀಟನ್ನು ತೇವವಾಗಿಡುವುದನ್ನು, ನೋಡಿಕೊಳ್ಳುವುದು ನಿಮ್ಮ ಪಾಲಿನ ಕೆಲಸ. ಕನಿಷ್ಠ 7 ದಿನ, ಹಾರುಬೂದಿ ಅಥವಾ ಸ್ಲ್ಯಾಗ್ ಬೆರೆತ ಸಿಮೆಂಟಾಗಿದ್ದರೆ 10ರಿಂದ 14 ದಿನ ಮೇಲ್ಮೈ ಒಣಗದಂತೆ ನೋಡಬೇಕು; ಬೆಳಗ್ಗೆ ಸಂಜೆ ನೀರು ಹಾಕಿ ನಡುವೆ ಒಣಗಲು ಬಿಟ್ಟರೆ ಕ್ಯೂರಿಂಗ್ ಆದಂತಲ್ಲ. ಆಸರೆ ಯಾವಾಗ ತೆಗೆಯಬೇಕೆಂಬುದು ಸ್ಲ್ಯಾಬಿನ ಅಗಲ ಮತ್ತು ಹವಾಮಾನವನ್ನು ಅವಲಂಬಿಸಿದ್ದು, ಅದನ್ನು ಎಂಜಿನಿಯರ್ ಲಿಖಿತವಾಗಿ ಹೇಳಲಿ. ತೆಗೆದ ದಿನವೇ, ಗಾರೆಯವರು ಕೈ ಹಚ್ಚುವ ಮೊದಲು, ಒಂದು ಭೇಟಿ ಇರಲೇಬೇಕು. ಕಂಬದ ಬುಡದಲ್ಲಿ, ತೊಲೆಯ ತಳದಲ್ಲಿ ಜಲ್ಲಿ ಮಾತ್ರ ಉಳಿದು ಗೂಡುಗೂಡಾದ ಜಾಗಗಳು ಕಂಡರೆ, ಮೇಸ್ತ್ರಿಗೆ ತಕ್ಷಣ ತೋಚುವುದು ಸಿಮೆಂಟ್ ಕಲಸಿ ಸವರಿಬಿಡುವುದು. ಸವರಿದ ಮೇಲೆ ಆ ಗೂಡು ಅರ್ಧ ಅಂಗುಲ ಆಳದ್ದೋ ಕಂಬಿಯ ಹಿಂದಿನವರೆಗೂ ಹೋಗಿದೆಯೋ ಯಾರಿಗೂ ತಿಳಿಯುವುದಿಲ್ಲ. ಮೊದಲು ಫೋಟೊ, ಆಮೇಲೆ ಸಡಿಲ ಭಾಗವನ್ನು ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಕೆತ್ತಿ ನೋಡುವುದು, ಅದರ ಮೇಲೆ ದುರಸ್ತಿಯ ವಿಧಾನವನ್ನು ಎಂಜಿನಿಯರ್ ತೀರ್ಮಾನಿಸುವುದು, ಇದೇ ಕ್ರಮ.

ಗೋಡೆಯ ಕೆಲಸಕ್ಕೆ ಒಂದು ಭೇಟಿ ಸಾಕಾಗುತ್ತದೆ. ತೂಗುಗುಂಡು ಬಿಟ್ಟು ಲಂಬ ನೋಡುವುದು, ಇಟ್ಟಿಗೆಯ ಸಂದುಗಳು ಒಂದರ ಮೇಲೊಂದು ಬಾರದಿರುವುದು, ಒಂದೇ ದಿನ ಒಂದೂವರೆ ಮೀಟರಿಗಿಂತ ಎತ್ತರ ಏರಿಸದಿರುವುದು, ಲಿಂಟಲ್ ಎರಡೂ ಬದಿಗಳಲ್ಲಿ ಗೋಡೆಯ ಮೇಲೆ ಸಾಕಷ್ಟು ಕೂತಿರುವುದು, ಕಾಂಕ್ರೀಟ್ ಕಂಬ ಮತ್ತು ಗೋಡೆ ಕೂಡುವಲ್ಲಿ ಗಾರೆಗೆ ಮೊದಲು ಜಾಲರಿ ಬಡಿದಿರುವುದು ಗಮನಿಸಬೇಕಾದ ಸಂಗತಿಗಳು.

ಗಾರೆಗೆ ಮುಂಚಿನ ಭೇಟಿ ಮತ್ತೆ ದೊಡ್ಡದು. ಪೈಪಿಗೆ ಮತ್ತು ವೈರಿಗೆ ಗೋಡೆ ಕೊರೆಯುವವರು ಗೋಡೆ ಭಾರ ಹೊರುತ್ತದೆಂಬುದನ್ನು ಮರೆಯುತ್ತಾರೆ. ಲಂಬವಾದ ಗಾಡಿ (ಹೀಗೆ ಕೊರೆದ ಕಾಲುವೆ) ಗೋಡೆಯ ದಪ್ಪದ ಮೂರನೇ ಒಂದು ಭಾಗವನ್ನು, ಅಡ್ಡ ಗಾಡಿ ಆರನೇ ಒಂದು ಭಾಗವನ್ನು ಮೀರಬಾರದೆಂಬುದು ರೂಢಿಯ ಮಿತಿ. ಕಂಬ ಮತ್ತು ತೊಲೆಗಳನ್ನು ಎಂಜಿನಿಯರರ ಅನುಮತಿಯಿಲ್ಲದೆ ಕೊರೆಯಲೇಬಾರದು. ನೀರಿನ ಪೈಪುಗಳನ್ನು ಬಳಕೆಯ ಒತ್ತಡದ ಒಂದೂವರೆ ಪಟ್ಟು ಒತ್ತಡದಲ್ಲಿ ಇಟ್ಟು, ಗೇಜಿನ ಮುಳ್ಳು ಇಳಿಯುವುದೇ ಎಂದು ನೋಡಬೇಕು. ಬರಿದೇ ಟ್ಯಾಂಕಿನಿಂದ ನೀರು ಬಿಟ್ಟು "ಸೋರುತ್ತಿಲ್ಲ" ಎನ್ನುವುದು ಪರೀಕ್ಷೆಯಲ್ಲ. ಕೊಳಚೆ ಪೈಪಿನ ಇಳಿಜಾರನ್ನು ಮಟ್ಟಗೋಲಿನಿಂದ ಅಳೆಯಲಿ. ಪ್ರತಿ ಗೋಡೆಯನ್ನೂ ಪಕ್ಕದಲ್ಲಿ ಟೇಪು ಇಟ್ಟು ಎದುರಿನಿಂದ ಫೋಟೊ ತೆಗೆದಿಡಿ. ಮುಂದೆ ಒಂದು ಮೊಳೆ ಹೊಡೆಯುವಾಗಲೂ ಈ ಫೋಟೊ ಬೇಕಾಗುತ್ತದೆ.

ಸ್ನಾನಗೃಹದ ಜಲನಿರೋಧಕ ಪದರ ಹಾಕಿದ ಮೇಲೆ, ಟೈಲ್ಸ್‌ಗೆ ಮೊದಲು, ಹೊರಹೋಗುವ ಬಾಯಿಗಳನ್ನು ಮುಚ್ಚಿ ಎರಡು ದಿನ ನೀರು ನಿಲ್ಲಿಸಿ. ನೀರಿನ ಮಟ್ಟವನ್ನು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿ, ಪಕ್ಕದಲ್ಲೇ ಒಂದು ಅಗಲ ಪಾತ್ರೆಯಲ್ಲಿ ನೀರಿಟ್ಟು ಅದರ ಮಟ್ಟವನ್ನೂ ಗುರುತಿಸಿ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಅದು ಆವಿಯಾದ ನೀರು. ನೆಲದ್ದು ಮಾತ್ರ ಹೆಚ್ಚು ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ. ಕೆಳಗಿನ ಕೋಣೆಯ ಚಾವಣಿ ಒಣಗಿರುವುದನ್ನಷ್ಟೇ ನೋಡಿ ಸಮಾಧಾನಪಡಬೇಡಿ, ಕಾಂಕ್ರೀಟಿನೊಳಗೆ ಇಳಿದ ನೀರು ಹೊರಕ್ಕೆ ಕಾಣಿಸಿಕೊಳ್ಳಲು ಎರಡು ದಿನ ಸಾಲದಿರಬಹುದು. ತಾರಸಿಗೂ ಇದೇ ಪರೀಕ್ಷೆ. ವಿದ್ಯುತ್ತಿನ ಕೆಲಸ ಮುಗಿದ ಮೇಲೆ, ಸಂಪರ್ಕ ಕೊಡುವ ಮುನ್ನ, 500 ವೋಲ್ಟಿನ ಮೆಗ್ಗರ್ ಎಂಬ ಉಪಕರಣದಿಂದ ಪ್ರತಿ ಸರ್ಕ್ಯೂಟಿನ ವೈರುಗಳ ಹೊದಿಕೆಯ ನಿರೋಧವನ್ನು ಅಳೆಯಿಸಿ. ಹೊಸ ವೈರಿಂಗಿನಲ್ಲಿ ಅದು 1 ಮೆಗಾಓಮ್‌ಗಿಂತ ಕಡಿಮೆ ಬರಬಾರದು, ನಿಜವಾಗಿ ಅದಕ್ಕಿಂತ ಬಹಳ ಹೆಚ್ಚೇ ಬರಬೇಕು. ಮನುಷ್ಯರ ರಕ್ಷಣೆಗೆ ಹಾಕುವ ಸೋರಿಕೆ ತಡೆಯುವ ಸ್ವಿಚ್ಚು 30 ಮಿಲಿಆಂಪಿಯರಿನದಾಗಿರಬೇಕು, ಅದನ್ನು ಉಪಕರಣದಿಂದ ಪರೀಕ್ಷಿಸಬೇಕು. ಅದರ ಮೇಲಿನ ಗುಂಡಿ ಒತ್ತಿದರೆ ಸ್ವಿಚ್ಚು ಚಲಿಸುತ್ತದೆಂದಷ್ಟೇ ತಿಳಿಯುತ್ತದೆ, ಮನೆಯ ಅರ್ಥಿಂಗ್ ಸರಿಯಿದೆಯೆಂದು ತಿಳಿಯುವುದಿಲ್ಲ.

ವರದಿಯ ವಿಷಯದಲ್ಲಿ ಬಿಗಿಯಾಗಿರಿ. "ಕೆಲಸ ತೃಪ್ತಿಕರ" ಎಂಬ ಒಂದು ಸಾಲಿಗೆ ಶುಲ್ಕ ಕೊಡಬೇಕಾಗಿಲ್ಲ. ದಿನಾಂಕ, ಹಂತ, ನೋಡಿದ ನಕ್ಷೆಯ ಸಂಖ್ಯೆ, ಅಳೆದ ಅಂಕಿಗಳು, ಫೋಟೊಗಳು, ಮತ್ತು ಪ್ರತಿ ದೋಷದ ಎದುರು ಅದನ್ನು ಮುಂದಿನ ಕೆಲಸಕ್ಕೆ ಮೊದಲೇ ಸರಿಪಡಿಸಬೇಕೋ ನಂತರ ಸರಿಪಡಿಸಿದರೂ ನಡೆಯುತ್ತದೋ ಎಂಬ ಸ್ಪಷ್ಟ ಮಾತು ಇರಬೇಕು. ನಲವತ್ತು ಸಣ್ಣ ತಪ್ಪುಗಳ ನಡುವೆ ಒಂದು ಗಂಭೀರ ತಪ್ಪನ್ನು ಹುದುಗಿಸಿದ ವರದಿಯಿಂದ ಜಗಳವಾಗುತ್ತದೆಯೇ ಹೊರತು ಮನೆ ಸುಧಾರಿಸುವುದಿಲ್ಲ. ಗಟ್ಟಿಯಾದ ಕಾಂಕ್ರೀಟಿನ ಬಗ್ಗೆ ಭಿನ್ನಾಭಿಪ್ರಾಯ ಬಂದರೆ, ಮೇಲ್ಮೈಗೆ ಬಡಿದು ಅಳೆಯುವ ರಿಬೌಂಡ್ ಹ್ಯಾಮರಿನ ಅಂಕಿಯೊಂದನ್ನೇ ಹಿಡಿದು ತೀರ್ಪು ಕೊಡುವವರನ್ನು ನಂಬಬೇಡಿ. ಅದು ಹೇಳುವುದು ಹೊರಮೈಯ ಗಡಸುತನವನ್ನು. ಬಲದ ಪ್ರಶ್ನೆ ಇತ್ಯರ್ಥವಾಗಬೇಕಾದರೆ ಕಾಂಕ್ರೀಟಿನ ಕೋರ್ (ಕೊರೆದು ತೆಗೆದ ಕೊಳವೆಯಾಕಾರದ ತುಂಡು) ತೆಗೆದು ಒಡೆದು ನೋಡಬೇಕು.

ಖರ್ಚನ್ನು ಹಿಡಿತದಲ್ಲಿಡಬೇಕಾದರೆ ಪಾಯದ ಗುಂಡಿ, ಪ್ರತಿ ಸ್ಲ್ಯಾಬಿನ ಕಂಬಿ, ಗಾರೆಗೆ ಮುಂಚಿನ ಪೈಪು ಮತ್ತು ವೈರು, ಈ ಮೂರನ್ನು ಯಾವ ಕಾರಣಕ್ಕೂ ಬಿಡಬೇಡಿ. ಸೆಂಟ್ರಿಂಗ್ ಬಿಚ್ಚಿದ ದಿನದ ನೋಟವನ್ನು ಮತ್ತು ನೀರು ನಿಲ್ಲಿಸುವ ಪರೀಕ್ಷೆಯನ್ನು ಫೋಟೊಗಳ ಮೂಲಕವಾದರೂ ಎಂಜಿನಿಯರರಿಗೆ ತೋರಿಸಿ. ಕೀಲಿಕೈ ಪಡೆಯುವ ಮುನ್ನಿನ ಭೇಟಿಯಲ್ಲಿ ಬಾಕಿ ಕೆಲಸಗಳ ಪಟ್ಟಿಯನ್ನು ನೀವೇ ಕೊನೆಯ ಕಂತಿಗೆ ಮೊದಲು ಮಾಡಿಕೊಳ್ಳಬಹುದು. ಆ ಭೇಟಿಗೆ ಎಂಜಿನಿಯರರನ್ನು ಕರೆಯದೆ ಉಳಿಸಿದ ಹಣವನ್ನು, ದೋಷ ಸರಿಪಡಿಸಿಕೊಡುವ ಹೊಣೆಯ ಅವಧಿ ಮುಗಿಯುವ ಒಂದೆರಡು ತಿಂಗಳು ಮೊದಲು, ಮನೆ ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಕಂಡ ಮೇಲೆ ನಡೆಯುವ ಭೇಟಿಗೆ ಬಳಸಿ. ಗಾರೆಯ ಮೇಲಿನ ಕೂದಲೆಳೆಯ ಬಿರುಕುಗಳು ಒಣಗುವಾಗ ಬರುವಂಥವು, ಅವುಗಳಿಗೆ ಗಾಬರಿ ಬೇಡ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಗೋಡೆಯ ಎರಡೂ ಬದಿಗಳಲ್ಲಿ ಕಾಣುವ ಬಿರುಕಾದರೆ, ಅದರ ಎರಡೂ ತುದಿಗಳಿಗೆ ಗೆರೆ ಎಳೆದು ದಿನಾಂಕ ಬರೆದಿಡಿ. ಎಂಜಿನಿಯರ್ ಬಂದಾಗ ಆ ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ಆ ಗೆರೆಗಳಿಂದಲೇ ತಿಳಿಯುತ್ತದೆ. ಅವರ ವರದಿಯನ್ನು ಅವಧಿ ಮುಗಿಯುವ ಮೊದಲೇ ಗುತ್ತಿಗೆದಾರರಿಗೆ ತಲುಪಿಸಿ, ತಲುಪಿದ್ದಕ್ಕೆ ಸಹಿ ಪಡೆಯಿರಿ.